ಭುಜದ ಮೇಲಿನ ಕೈ

ಆ ಮನೆಯಲ್ಲಿ ಬೆಳಿಗ್ಗೆ ಎದ್ದ ಗಹನವಾದ ಪ್ರಶ್ನೆಯೆಂದರೆ, ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಬೇಕೋ ಬೇಡವೋ ಎಂಬುದು. ಅವತ್ತು ಮೆದುಳಿನ ಪರೀಕ್ಷೆಯಿದೆ, ಹಚ್ಚಬೇಡಿ ಎಂದು ಆಸ್ಪತ್ರೆಯವರು ಹುಡುಗಿಯ ತಾಯಿಗೆ ಹೇಳಿದ್ದರು. ಹಚ್ಚಿದರೆ ತಲೆ ತಣ್ಣಗಾಗಿ ಹುಡುಗಿ ಒಂದು ಕಡೆ ಕೂರುತ್ತಾಳೆ ಎಂದು ಅತ್ತೆ ಹೇಳಿದರು. ಗಂಡ ಪೇಪರಿನ ಹಿಂದೆ ತಟಸ್ಥನಾಗಿದ್ದ. ಅತ್ತೆ ಗೆದ್ದರು.

ಹಾಗಾಗಿ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ ಹೆಂಗಸು ಮೊದಲು ಶಾಂಪೂ ಹಾಕಿ ಹುಡುಗಿಯ ತಲೆ ತೊಳೆಯಬೇಕಾಯಿತು.

"ಜಿಡ್ಡಿದ್ರೆ ಮೆದುಳಿನ ಅಲೆ ಸರಿಯಾಗಿ ಸಿಗಲ್ಲ ಮೇಡಂ."

"ನಂಗೊತ್ತು. ನಮ್ಮತ್ತೆಗೆ ಹೇಳಿ," ಎಂದಳು ತಾಯಿ. ಜಗಳಕ್ಕೂ ತ್ರಾಣ ಉಳಿಯದ ದನಿ.

ಮಗಳಿಗೆ ಎಡಿಎಚ್‌ಡಿ ಎಂಬ ಗಮನ ನಿಲ್ಲದ, ಕೂತಲ್ಲಿ ಕೂರದ ಸಮಸ್ಯೆ ಇರಬಹುದು ಎಂದು ಡಾಕ್ಟರು ಅಂದಾಗಿನಿಂದ ತಾಯಿಗೆ ಬೇಕಾಗಿದ್ದುದು ಒಂದೇ: ತೊಂದರೆ ಮೆದುಳಿನದು, ಸಾಕಿದವಳದಲ್ಲ ಎಂದು ಯಂತ್ರ ಹೇಳಬೇಕು, ಅದನ್ನು ಅತ್ತೆ ಕೇಳಬೇಕು. "ಯಂತ್ರ ಒಂದೇ ತೀರ್ಪು ಕೊಡಲ್ಲಮ್ಮ, ನಾವು ನೋಡೋದ್ರಲ್ಲಿ ಇದೂ ಒಂದು," ಎಂದು ಡಾಕ್ಟರು ಹೇಳಿದ್ದರು. ಅದು ಅವಳ ಕಿವಿಗೆ ಅರ್ಧ ಬಿದ್ದಿತ್ತು.

ತಂತಿಗಳ ಟೋಪಿ ತಲೆಗೇರಿತು.

"ಅಮ್ಮಾ, ನಾನೀಗ ಗಗನಯಾತ್ರಿನಾ?"

"ಹೂಂ, ಹೋಗಿ ಬಾ. ನಂಗೂ ಸ್ವಲ್ಪ ರೆಸ್ಟು."

ಪರದೆಯಲ್ಲಿ ಹಸಿರು ಚುಕ್ಕೆ ಬಂದರೆ ಗುಂಡಿ ಒತ್ತಬೇಕು, ಕೆಂಪು ಬಂದರೆ ಕೈ ತಡೆಯಬೇಕು. ಅಮ್ಮನಿಲ್ಲದೆ ಕೂರುವುದಿಲ್ಲ ಎಂದು ಹುಡುಗಿ ಹಟ ಹಿಡಿದದ್ದರಿಂದ ತಾಯಿಯನ್ನು ಹಿಂದೆ ಕೂರಿಸಿದರು. ಅವಳ ಕೈ ಮಗಳ ಭುಜದ ಮೇಲಿತ್ತು.

ಹುಡುಗಿ ಒಂದೂ ತಪ್ಪಲಿಲ್ಲ. ತಾಯಿಗೆ ಮೊದಲು ಹೆಮ್ಮೆಯಾಯಿತು, ಆಮೇಲೆ ಲೆಕ್ಕ ಹೊಳೆಯಿತು. ಇಲ್ಲಿ ಮಗಳು ಪಾಸಾದರೆ ಮನೆಯಲ್ಲಿ ತಾಯಿ ಫೇಲು.

ಟೆಕ್ನಿಷಿಯನ್ ಪಕ್ಕದ ಕೋಣೆಯಿಂದ ಬಂದಳು. "ಏನ್ ಮೇಡಂ ಇದು? ಕೆಂಪು ಬಂದಾಗೆಲ್ಲ ಭುಜ ಅದುಮ್ತಾ ಇದ್ದೀರಲ್ಲ!"

"ನಾನಾ?"

"ಕ್ಯಾಮೆರಾ ಸುಳ್ಳು ಹೇಳುತ್ತಾ? ನೋಡಿ ಬನ್ನಿ."

ನೋಡಿದಳು. ರಸ್ತೆ ದಾಟುವಾಗ, ನೆಂಟರ ಮನೆಯ ಗಾಜಿನ ಸಾಮಾನಿನ ಮುಂದೆ, ಅಂಗಡಿಯ ಸರದಿಯಲ್ಲಿ ವರ್ಷಗಟ್ಟಲೆ ಅದುಮಿ ಅದುಮಿ ಪಳಗಿದ ಕೈ ಅದು. ಅವಳನ್ನು ಕೇಳದೆಯೇ ತನ್ನ ಕೆಲಸ ಮಾಡಿತ್ತು.

"ಇನ್ನೊಂದ್ಸಲ ಮಾಡಿ. ನಾನು ಆಚೆ ಇರ್ತೀನಿ," ಎಂದಳು ತಾಯಿ.

ಅವಳು ಬಾಗಿಲು ತಲುಪುವುದರೊಳಗೆ ಹುಡುಗಿ ಟೋಪಿ ಕಿತ್ತೆಸೆದಳು. "ನಂಗೆ ಸಾಕಾಯ್ತು!"

"ನಂಗೂ ಕಣೇ," ಎಂದು ತಾಯಿ ಅಲ್ಲೇ ಬೆಂಚಿನ ಮೇಲೆ ಕುಸಿದಳು.

ಪರೀಕ್ಷೆ ಲೆಕ್ಕಕ್ಕೆ ಬರಲಿಲ್ಲ. ಮುಂದಿನ ಸರದಿ ಎರಡು ತಿಂಗಳ ಮೇಲೆ ಸಿಕ್ಕಿತು. ಅಲ್ಲಿಯವರೆಗೆ ಮನೆಯಲ್ಲಿ ತಪ್ಪು ತಾಯಿಯದೇ ಆಗಿ ಉಳಿಯಿತು.