ನಾಲ್ಕನೇ ಲೈನಿನ ಚುಕ್ಕಿಗಳು

ಗೇಟಿನ ಚಿಲಕದ ಮೇಲೆ ಇಟ್ಟ ಕೈಯನ್ನು ಲತಾಮಣಿ ಎರಡು ಸಲ ಹಿಂದಕ್ಕೆಳೆದುಕೊಂಡಳು. ಬೊಮ್ಮನಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಪದ್ಮನಾಭನಗರದ ಈ ಮನೆ ಹುಡುಕುವವರೆಗೆ ಇದ್ದ ಧೈರ್ಯ ಈಗ ಇರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದು ಮೇಘಶ್ರೀಯೇ ಹೊರಬಂದಳು.

"ಅಕ್ಕಾ, ನೀವಾ? ಗಾರ್ಮೆಂಟ್ಸಲ್ಲಿ ಸಿಕ್ಕಿದ್ರಲ್ವಾ?"

"ಮೇಡಂ, ನಾನು ಬರ್ಕೊಟ್ಟ ಪೇಪರ್ ವಾಪಸ್ ಕೊಟ್ಬಿಡಿ."

ಮೇಘಶ್ರೀ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು. ಎರಡು ತಿಂಗಳ ಹಿಂದೆ ಕಾರ್ಖಾನೆಗೆ ಬಂದು, ಊಟದ ಬಿಡುವಿನಲ್ಲಿ ಎಂಬತ್ತು ಹೆಂಗಸರಿಗೆ ಪ್ರಶ್ನೆಪತ್ರಿಕೆ ಹಂಚಿದ್ದಳು. ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆಯೇ? ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಳು ಬರುತ್ತದೆಯೇ? ಯಾರಿಗೂ ಗೊತ್ತಾಗುವುದಿಲ್ಲವೆಂದು ಹುಡುಗಿ ಮಾತು ಕೊಟ್ಟಿದ್ದಳು. ಗಂಡನ ಹತ್ತಿರವೂ ಆಡದ್ದನ್ನೆಲ್ಲ ಲತಾಮಣಿ ಆ ಹಾಳೆಯ ಮೇಲೆ ಗುರುತು ಹಾಕಿ ಕೊಟ್ಟಿದ್ದಳು.

ನಿನ್ನೆ ಶನಿವಾರ ಮ್ಯಾನೇಜರ್ ದೇವರಾಜ್ ಮಷೀನುಗಳನ್ನೆಲ್ಲ ನಿಲ್ಲಿಸಿ ಹೇಳಿದ್ದ: "ಟೆನ್ಷನ್ ಜಾಸ್ತಿ ಇರೋರ ಕೈಯಲ್ಲೇ ಪೀಸ್ ಕೆಡೋದು ಅಂತ ಆ ಹುಡುಗಿ ಲೆಕ್ಕ ತೆಗ್ದಿದಾಳೆ. ಅಂಥೋರು ಯಾರ್ಯಾರು ಅಂತ ಸೋಮವಾರ ಗೊತ್ತಾಗುತ್ತೆ. ಮನೇಲಿ ರೆಸ್ಟ್ ತಗೊಳ್ಳಿ ಅಂತ ಕಳಿಸ್ತೀನಿ."

ಲತಾಮಣಿ ಇದನ್ನೆಲ್ಲ ಹೇಳಿದಳು. "ಅದ್ರಲ್ಲಿ ಹೆಸರೇ ಇಲ್ಲ ಅಕ್ಕಾ, ಬರೀ ಟೋಕನ್ ನಂಬರ್..." ಎಂದ ಮೇಘಶ್ರೀ ಅಲ್ಲಿಗೇ ಮಾತು ನಿಲ್ಲಿಸಿದಳು. ಯಾರ ಹೊಲಿಗೆ ಎಷ್ಟು ವಾಪಸು ಬಂತೆಂದು ಟೋಕನ್ ಪ್ರಕಾರ ಪಟ್ಟಿ ಕೊಟ್ಟವನೇ ದೇವರಾಜ್; ಯಾವ ನಂಬರ್ ಯಾರದೆಂದು ಅವನಿಗೆ ಗೊತ್ತು. ನಾಳೆ ಎಲ್ಲರ ಉತ್ತರಗಳಿರುವ ತನ್ನ ಶೀಟ್ ಕಳಿಸುವುದಾಗಿ ಅವಳು ಅವನಿಗೆ ಒಪ್ಪಿಕೊಂಡೂ ಇದ್ದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಓದಿದವಳೂ ಹೆದರುವುದನ್ನು ಕಂಡು ಲತಾಮಣಿ ಗೇಟು ದೂಡಿ ಅಂಗಳಕ್ಕೆ ಬಂದಳು.

ಒಳಗೆ ಕೂರಿಸಿ, ನೀರು ಕೊಟ್ಟು, ಮೇಘಶ್ರೀ ಲ್ಯಾಪ್‌ಟಾಪ್ ತೆರೆದಳು. ಪರದೆಯ ತುಂಬ ಚುಕ್ಕಿಗಳು.

"ಒಂದೊಂದು ಚುಕ್ಕಿ ಒಬ್ಬೊಬ್ಬರು. ಮೇಲೆ ಹೋದಷ್ಟೂ ಆತಂಕ ಜಾಸ್ತಿ. ಬಲಕ್ಕೆ ಹೋದಷ್ಟೂ ಕೆಟ್ಟ ಪೀಸ್ ಜಾಸ್ತಿ. ಎರಡೂ ಒಟ್ಟೊಟ್ಟಿಗೆ ಏರ್ತಿವೆ ಅಂದೆ, ಅಷ್ಟೇ. ಇದ್ರಿಂದ ಅದು ಆಯ್ತು ಅಂತ ನಾನು ಹೇಳೇ ಇಲ್ಲ."

"ಪೀಸ್ ವಾಪಸ್ ಬಂದಾಗ್ಲೇ ಅಲ್ವಾ ಮೇಡಂ ನಂಗೆ ನಡುಕ ಬರೋದು?"

"ಹಂಗೂ ಇರಬಹುದು. ಇಲ್ಲಾ ಮೂರನೇದು ಇನ್ನೇನೋ ಎರಡನ್ನೂ ಏರಿಸ್ತಿರಬಹುದು. ಯಾವುದು ಅಂತ ಈ ಲೆಕ್ಕದಿಂದ ಗೊತ್ತಾಗಲ್ಲ."

ಬಲಗಡೆ ಮೇಲ್ಮೂಲೆಯಲ್ಲಿ ಚುಕ್ಕಿಗಳು ಇರುವೆ ಮುತ್ತಿದಂತೆ ಒಂದೇ ಕಡೆ ಗುಂಪಾಗಿದ್ದವು. ಲತಾಮಣಿ ಅತ್ತ ಬೆರಳು ತೋರಿಸಿದಳು. "ಇವ್ರು ಯಾರು?"

"ಬೇರೆಯವರದ್ದು ಹೇಳ್ಬಾರ್ದು ಅಕ್ಕಾ." ಹುಡುಗಿ ಆ ಚುಕ್ಕಿಗಳ ಟೋಕನ್ ನಂಬರ್ ತೆರೆದು ನೋಡಿದಳು. "ಎಲ್ಲಾ ನಾನೂರರ ಮೇಲಿನ ನಂಬರು. ನಾನು ಇದನ್ನ ನೋಡೇ ಇರ್ಲಿಲ್ಲ."

"ನಾನೂರು ಅಂದ್ರೆ ನಮ್ಮ ನಾಲ್ಕನೇ ಲೈನು! ಗೌರೀಶಂಕರ ಸಾರ್ ಸೂಪರ್‌ವೈಸರ್. ವಾಚ್ ಹಿಡ್ಕೊಂಡು ಬೆನ್ನ ಹಿಂದೇನೇ ನಿಂತಿರ್ತಾರೆ. ಬಾತ್‌ರೂಮಿಗೆ ಹೋದ್ರೂ ನಿಮಿಷ ಎಣಿಸ್ತಾರೆ."

ಮೇಘಶ್ರೀ ತನ್ನ ಗೈಡ್‌ಗೆ ಫೋನ್ ಮಾಡಿ, ನಂಬರ್ ಬರೆಸಿಕೊಂಡಿದ್ದಕ್ಕೆ ಬೈಸಿಕೊಂಡು, ಶೀಟಿನಿಂದ ಟೋಕನ್ ನಂಬರಿನ ಕಾಲಮನ್ನೇ ಅಳಿಸಿಹಾಕಿದಳು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು, ಎಂಬತ್ತು ಹಾಳೆಗಳಿಂದಲೂ ನಂಬರ್ ಬರೆದಿದ್ದ ಮೂಲೆಯನ್ನು ಕತ್ತರಿಸಿ ತೆಗೆದರು.

ಸೋಮವಾರ ದೇವರಾಜ್ ಮುಖ ಗಂಟು ಹಾಕಿಕೊಂಡೇ ಬಂದ. "ನಂಬರ್ ಕೊಡಲ್ವಂತೆ ಆ ಹುಡುಗಿ. ಆಯ್ತು, ಟೆನ್ಷನ್ ಇರೋರು ನೀವೇ ಕೈ ಎತ್ತಿ."

ಯಾರೂ ಅಲುಗಲಿಲ್ಲ. ಗೌರೀಶಂಕರ ಸಾಲಿನುದ್ದಕ್ಕೂ ನಡೆದು ಬಂದು ಸರಿಯಾಗಿ ಲತಾಮಣಿಯ ಹಿಂದೆ ನಿಂತ. ಅವನ ಉಸಿರು ಅವಳ ಕತ್ತಿಗೆ ತಾಗಿತು. ಎದ್ದು ನಿಂತವಳು ತಾನೇ ಎಂದು ಅವಳಿಗೆ ತಿಳಿದದ್ದು ನಿಂತ ಮೇಲೆಯೇ.

"ಸಾರ್, ನನ್ನ ಒಂದು ವಾರ ಮೂರನೇ ಲೈನಿಗೆ ಹಾಕಿ. ಆಮೇಲೆ ನನ್ನ ಪೀಸ್ ಎಣಿಸಿ. ಆಗ್ಲೂ ಕೆಟ್ರೆ ನಾನೇ ಹೋಗ್ತೀನಿ."

ದೇವರಾಜ್ ಅವಳನ್ನೇ ದಿಟ್ಟಿಸಿದ.

"ಎಣಿಸ್ತೀನಿ," ಎಂದ. "ನಿನ್ ಜಾಗಕ್ಕೆ ಅಲ್ಲಿಂದ ಯಲ್ಲಮ್ಮ ಬರ್ಲಿ."

ಯಲ್ಲಮ್ಮನ ಹೆಸರು ಬರುತ್ತದೆಂದು ಲತಾಮಣಿ ನೆನೆಸಿರಲಿಲ್ಲ. ವರ್ಷಗಟ್ಟಲೆ ಒಂದೂ ಪೀಸ್ ವಾಪಸು ಬರದ ಕೈ ಅದು. ಸಾಲುಗಳ ನಡುವೆ ಎದುರಾದಾಗ ಯಲ್ಲಮ್ಮ, "ಒಂದ್ ವಾರ ತಾನೆ, ಬಿಡೆ," ಎಂದು ನಕ್ಕು ಮುಂದೆ ಹೋದಳು.

ಮೂರನೇ ಲೈನಿನಲ್ಲಿ ಮೊದಲ ಕಾಲರು ಹೊಲಿಯುವಾಗ ಲತಾಮಣಿ ಹಿಂದೆ ಯಾರೋ ನಿಂತಿದ್ದಾರೆಂದು ಮತ್ತೆ ಮತ್ತೆ ತಿರುಗಿ ನೋಡಿದಳು, ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಿರುಗಿ ನೋಡುವುದು ನಿಂತಿತು. ಸಂಜೆ ಚೆಕ್ಕಿಂಗ್ ಹುಡುಗಿ ಅವಳ ಕಟ್ಟನ್ನು ನೋಡಿ, ಒಂದೂ ಪೀಸ್ ವಾಪಸು ಕೊಡದೆ ಪಕ್ಕದವಳ ಕಡೆ ಹೋದಳು.

ಲತಾಮಣಿ ತಲೆಯೆತ್ತಿದಳು. ನಾಲ್ಕನೇ ಲೈನಿನಲ್ಲಿ, ಗೌರೀಶಂಕರನ ನೆರಳಿನಲ್ಲಿ, ಯಲ್ಲಮ್ಮ ಕತ್ತರಿಯ ತುದಿಯಿಂದ ಒಂದು ತೋಳಿನ ಹೊಲಿಗೆ ಬಿಚ್ಚುತ್ತಿದ್ದಳು. ಅವಳ ತೊಡೆಯ ಮೇಲೆ ವಾಪಸು ಬಂದ ಇನ್ನೂ ಮೂರು ಅಂಗಿಗಳಿದ್ದವು.