ಸೆಣಬಿನ ಬೇರಿನ ಗಂಟು

ಆ ಮಾತನ್ನು ನಾನು ಖುಷಿಯಲ್ಲಿ ಕೂಗಿದೆ.

ಸೊಪ್ಪಿನ ತೋಟದಲ್ಲಿ ಹಿಪ್ಪುನೇರಳೆ ಸಾಲುಗಳ ನಡುವೆ ಬಿತ್ತಿದ್ದ ಸೆಣಬು ಮೊಣಕಾಲು ದಾಟಿತ್ತು. ಒಂದು ಗಿಡವನ್ನು ಮಣ್ಣುಸಮೇತ ಮೆಲ್ಲಗೆ ಎತ್ತಿ ಕೊಡವಿದರೆ, ಬೇರಿನ ತುಂಬ ಸಾಸಿವೆಯಷ್ಟು, ಕೆಲವು ಕಡೆ ಜೋಳದಷ್ಟು ದಪ್ಪದ ಉಂಡೆಗಳು. ಬದುವಿನಾಚೆ ಕಳೆ ಕೀಳುತ್ತಿದ್ದ ವೆಂಕಟರವಣಪ್ಪನಿಗೆ ಕಾಣುವ ಹಾಗೆ ಗಿಡ ಎತ್ತಿ ಹಿಡಿದೆ.

"ಏ ವೆಂಕಟರವಣ, ನೋಡೋ ಇಲ್ಲಿ! ಬೇರಿನ ತುಂಬ ಗಂಟು ಬಂದವೆ ಕಣೋ!"

ಅವನು ಕುಡುಗೋಲು ಬಿಟ್ಟು ಎದ್ದು ನಿಂತ.

ನಮ್ಮ ಮೇಲೂರಿನ ಕಡೆ ಸೊಪ್ಪು ಬೆಳೆಯುವವರು ಆ ಮಾತನ್ನು ಹಗುರವಾಗಿ ಆಡುವುದಿಲ್ಲ. ಗಂಟು ಎಂದರೆ ಬೇರುಗಂಟು ರೋಗ. ಕಣ್ಣಿಗೆ ಕಾಣದ ಹುಳು ಹಿಪ್ಪುನೇರಳೆಯ ಬೇರಿನೊಳಗೆ ಸೇರಿ ಬೇರನ್ನು ಊದಿಸುತ್ತದೆ, ಎಲೆ ಹಳದಿಯಾಗುತ್ತದೆ, ಕೊನೆಗೆ ತೋಟವನ್ನೇ ಕಿತ್ತು ಹಾಕಬೇಕು. ವೆಂಕಟರವಣಪ್ಪ ಹಿಂದಿನ ವರ್ಷ ಕಿತ್ತು ಹಾಕಿದ್ದ. ನೆಲವನ್ನು ಒಣಗಲು ಬಿಟ್ಟು, ಈ ಬೇಸಿಗೆಯಲ್ಲಿ ಮತ್ತೆ ನಾಟಿ ಮಾಡಿದ್ದ. ಆ ಸಸಿಗಳು ಇನ್ನೂ ಬೇರು ಹಿಡಿಯುತ್ತಿದ್ದವು. ನನ್ನ ಹೊಲ ಮೇಲೆ, ಅವನದು ಕೆಳಗೆ. ಮಳೆ ಬಂದರೆ ನನ್ನ ನೀರೆಲ್ಲ ಅವನ ತೋಟಕ್ಕೇ ಇಳಿಯುತ್ತದೆ.

ಅವನು ಬದು ಹತ್ತಲಿಲ್ಲ. ಅಲ್ಲಿಂದಲೇ ಕೇಳಿದ: "ಏಮಕ್ಕಾ, ನಗ್ತಾ ಹೇಳ್ತಿದ್ದೀಯಲ್ಲ, ತಲೆ ನೆಟ್ಟಗಿದೆಯಾ?"

"ಆ ಗಂಟಲ್ಲ ಕಣೋ. ಇದು ಒಳ್ಳೇ ಗಂಟು."

"ಗಂಟಲ್ಲಿ ಒಳ್ಳೇದು ಕೆಟ್ಟದು ಅಂತ ಎರಡಿದಾವಾ? ಮಳೆ ಬರೋ ಮುಂಚೆ ಎಲ್ಲಾ ಕಿತ್ತು ಸುಟ್ಟಾಕು. ನೀನು ಕೀಳ್ದಿದ್ರೆ ನಾನೇ ಬಂದು ಕೀಳ್ತೀನಿ. ಆಮೇಲೆ ನನ್ನ ಬೈಕೋಬೇಡ."

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಆಂಜಿನಮ್ಮನ ತೋಟಕ್ಕೆ ಗಂಟು ಬಿದ್ದಿದೆಯಂತೆ, ಪಾಪ, ಅದಕ್ಕೇ ಬುದ್ಧಿ ಸ್ಥಿಮಿತ ಇಲ್ಲವಂತೆ.

ಹಮೀದಾ ಬೇಗಂ ಓಡಿ ಬಂದಳು. ಅವಳೂ ನಾನೂ ಪಾಲುಗಾರರು; ಸೊಪ್ಪು ನನ್ನದು, ರೇಷ್ಮೆ ಹುಳು ಸಾಕುವ ಮನೆ ಅವಳದು. ಎರಡು ವರ್ಷದಿಂದ ನನ್ನ ಸೊಪ್ಪು ತೆಳ್ಳಗಾಗಿತ್ತು. ಎಷ್ಟು ಯೂರಿಯಾ ಹಾಕಿದರೂ ನೆಲ ಬೂದಿಯ ಹಾಗೆ ಹಾರುತ್ತಿತ್ತು. ಅದನ್ನು ತಿಂದ ಹುಳು ಕಟ್ಟಿದ ಗೂಡನ್ನು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಚಿಂತಾಮಣಿಯಲ್ಲಿ ಕೃಷಿ ಓದುವ ಮೊಮ್ಮಗಳು ತನುಜ, ಸೆಣಬು ಬಿತ್ತಿ ಹೂವಾಗುವ ಹೊತ್ತಿಗೆ ಮಣ್ಣಿಗೆ ಮಗುಚಿ ಹಾಕಿದರೆ ನೆಲಕ್ಕೆ ಜೀವ ಬರುತ್ತದೆ ಎಂದಿದ್ದಳು. ಕರಿ ಪುಡಿಯ ಪೊಟ್ಟಣವೊಂದನ್ನೂ ತಂದುಕೊಟ್ಟಿದ್ದಳು. ಅದನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಿದ್ದೆವು. ಹೂವಿಗೆ ಮುಂಚೆ ಕಿತ್ತು ಸುಟ್ಟರೆ ಅಷ್ಟೂ ಹೊಗೆ. ಇನ್ನೊಂದು ವರ್ಷ ಇದೇ ಸೊಪ್ಪಾದರೆ ಹಮೀದಾ ಬೇರೆಯವರ ಹತ್ತಿರ ಸೊಪ್ಪು ಕೊಳ್ಳಬೇಕು, ನಾನು ತೋಟ ಬಿಡಬೇಕು.

"ಅರೇ ಅಮ್ಮಾ, ಆ ಮಾತು ಯಾಕೆ ಕೂಗಿದ್ರಿ? ಮುತ್ತು ಅನ್ನಬಾರದಾಗಿತ್ತಾ?" ಎಂದಳು ಹಮೀದಾ.

ತನುಜಳಿಗೆ ಫೋನ್ ಮಾಡಿದೆ. ಅವಳೂ ಅದನ್ನೇ ಅಂದಳು. "ಅಜ್ಜೀ, ಗಂಟು ಅನ್ಬಾರ್ದಿತ್ತು, ನಾಡ್ಯೂಲ್ ಅನ್ಬೇಕಿತ್ತು."

"ನಾಡ್ಯೂಲ್ ಅಂದ್ರೆ ಯಾರೋ ಹೊಸ ಆಫೀಸರ್ರು ಬಂದವ್ರೆ ಅಂದ್ಕೊತಾನೆ ಅವನು. ಅವನಿಗೆ ತೋರ್ಸೋದು ಹೆಂಗೆ ಹೇಳಮ್ಮ."

"ಉಜ್ಜಿ ತೋರ್ಸು. ರೋಗದಲ್ಲಿ ಬೇರು ತಾನೇ ಊದ್ಕೊಂಡಿರ್ತದೆ, ಎಷ್ಟು ಉಜ್ಜಿದ್ರೂ ಬರಲ್ಲ. ಇವು ಬೇರಿನ ಪಕ್ಕಕ್ಕೆ ಅಂಟ್ಕೊಂಡಿರ್ತವೆ, ಉದುರ್ತವೆ. ಉಗುರಲ್ಲಿ ಸೀಳಿದ್ರೆ ಒಳಗೆ ಕೆಂಪಗಿರ್ತದೆ. ಕೆಂಪಗಿದ್ರೆ ಆ ಕರಿ ಪುಡೀಲಿದ್ದ ಬ್ಯಾಕ್ಟೀರಿಯಾ ಕೆಲಸ ಮಾಡ್ತಿದಾವೆ ಅಂತ."

ಬೆಳಿಗ್ಗೆ ಒಂದು ಸೆಣಬಿನ ಗಿಡ ಹಿಡಿದು ವೆಂಕಟರವಣಪ್ಪನ ಕೊಟ್ಟಿಗೆಗೆ ಹೋದೆ. ಅವನು ಹಳೇ ತೋಟದ ರೋಗದ ಬೇರೊಂದನ್ನು ಮರೆಯಬಾರದೆಂದು ಸೂರಿಗೆ ಸಿಕ್ಕಿಸಿಟ್ಟಿದ್ದ. ಅದನ್ನು ಇಳಿಸಲು ಹೇಳಿ, ಎರಡನ್ನೂ ತೊಳೆದು ಕಲ್ಲಿನ ಮೇಲಿಟ್ಟೆ. ಅವನ ಬೇರನ್ನು ಅವನೇ ಉಜ್ಜಿದ. ಗಂಟು ಅಲುಗಲಿಲ್ಲ. ನನ್ನದನ್ನು ಉಜ್ಜಿದಾಗ ಉಂಡೆಗಳು ಹೆಬ್ಬೆರಳಿನ ಕೆಳಗೆ ಪಟಪಟನೆ ಉದುರಿದವು. ಒಂದನ್ನು ಉಗುರಿನಲ್ಲಿ ಸೀಳಿದೆ. ಒಳಗೆ ಕೆಂಪು.

"ಇದೇನಕ್ಕಾ, ರಕ್ತ ಬರ್ತದೆ!"

"ರಕ್ತ ಅಲ್ವೋ. ಇದರೊಳಗೆ ಕಣ್ಣಿಗೆ ಕಾಣದ ಜೀವಗಳು ಅವೆ. ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಉಣಿಸ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡ್ತದೆ. ನಾವು ಹುಳಕ್ಕೆ ಮನೆ ಕಟ್ಟಿ ಸೊಪ್ಪು ಹಾಕಲ್ವಾ, ಹಂಗೆ ಬೇರು ಇವಕ್ಕೆ ಮನೆ ಕಟ್ಟಿ ಸಾಕ್ತದೆ."

ಅವನು ಆ ಕೆಂಪನ್ನು ಬೆರಳಲ್ಲಿ ಮುಟ್ಟಿ ನೋಡಿ ಕೈ ತೊಳೆದುಕೊಂಡ. ಆಮೇಲೆ ಹೇಳಿದ: "ನೀನು ಹೇಳೋದು ನಿಜವೇ ಇರಬೋದಕ್ಕ. ಆದ್ರೆ ಒಂದು ಸಲ ತೋಟ ಕಿತ್ತವನು ನಾನು. ನಿನ್ನ ಬೇರಿನ ಒಳ್ಳೇ ಗಂಟಿನ ಜೊತೆ ಒಂದು ಕೆಟ್ಟದ್ದು ನೀರಲ್ಲಿ ಬಂದ್ರೆ ಏನ್ ಮಾಡ್ಲಿ? ಇನ್ನೊಂದು ಸಲ ಕೀಳೋದು ನನ್ನ ಕೈಲಿ ಆಗಲ್ಲ."

ಅವನ ಭಯ ಸುಳ್ಳಾಗಿರಲಿಲ್ಲ.

"ಹಂಗಾದ್ರೆ ನನ್ನ ನೀರು ನಿನ್ನ ಕಡೆ ಬರದಂಗೆ ಮಾಡ್ತೀನಿ. ಆಗ ಸೆಣಬು ನಿಲ್ಲಲಿ."

"ಆ ಉದ್ದಕ್ಕೂ ಬದು ಎತ್ತರಿಸ್ತೀಯಾ? ಈ ವಯಸ್ಸಲ್ಲಿ?"

"ವಯಸ್ಸು ನನ್ನದು, ಅದರ ಯೋಚನೆ ನಿನಗ್ಯಾಕೆ? ಆಯ್ತು ಅನ್ನು."

"ಆಯ್ತು. ನೀರು ಬಂದ ದಿನ ಸೆಣಬು ಬೆಂಕಿಗೆ."

ಅಂದೇ ಸನಿಕೆ ಹಿಡಿದೆ. ಬದುವಿನ ಮೇಲ್ಮಗ್ಗುಲಲ್ಲಿ ಕಾಲುವೆ ತೋಡಿ, ಆ ಮಣ್ಣನ್ನೇ ಬದುವಿಗೆ ಏರಿಸಿ, ಕಾಲಲ್ಲಿ ತುಳಿಯುತ್ತಾ ಹೋಗುವುದು. ಬದುವಿನ ಪಕ್ಕದ ನೆಲ ತುಳಿದು ತುಳಿದು ಕಲ್ಲಾಗಿತ್ತು. ಹಿಂದಿನ ಸಂಜೆ ನೀರು ಹೊಯ್ದಷ್ಟು ಜಾಗವನ್ನು ಮಾತ್ರ ಮರುದಿನ ಅಗೆಯಬಹುದಾಗಿತ್ತು, ಹಾಗಾಗಿ ಅಷ್ಟಷ್ಟೇ ಅಗೆದೆ. ಹುಳುವಿಗೆ ಸೊಪ್ಪು ಹಾಕಿ ಮುಗಿಸಿ ಹಮೀದಾ ಬರುತ್ತಿದ್ದಳು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಮಣ್ಣು ಹೊರುತ್ತಿದ್ದಳು.

ವೆಂಕಟರವಣಪ್ಪ ಆಚೆ ನಿಂತು ರೇಗಿಸುತ್ತಿದ್ದ. "ಏನಕ್ಕಾ, ಅಂಬಾಜಿದುರ್ಗದ ಕೋಟೆ ಇಲ್ಲಿಗೇ ಬಂತಾ? ಬಾಗಿಲು ಯಾವ ಕಡೆ ಇಡ್ತೀಯಾ?"

"ನಿಮ್ಮಂಥವರು ಬರದ ಕಡೆ ಇಡ್ತೀವಿ ಬಿಡಿ ಅಣ್ಣಾ," ಎಂದಳು ಹಮೀದಾ.

ಬದು ಕೆಳಗಿನ ಮೂಲೆ ಮುಟ್ಟಿತು. ಅಲ್ಲಿ ತುಳಿಯುವುದು ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಮಧ್ಯಾಹ್ನವೇ ಮೋಡ ಕವಿದು ಮಳೆ ಹಿಡಿಯಿತು. ಗೋಣಿಚೀಲ ತಲೆಗೆ ಹಾಕಿಕೊಂಡು ಮೂಲೆಗೆ ಓಡಿದೆ. ಕಾಲುವೆ ತುಂಬಿ, ಹಸಿ ಮಣ್ಣು ಬಿರಿಯುತ್ತಿತ್ತು. ಹಮೀದಾ ಮಣ್ಣು ತಂದು ಸುರಿದಳು, ನಾನು ಕೂತು ಎರಡು ಕೈಯಲ್ಲೂ ಒತ್ತಿದೆ. ಒತ್ತಿದಷ್ಟೂ ಕರಗುತ್ತಿತ್ತು. ಸೆಣಬು ಆಗತಾನೇ ಮೊಗ್ಗು ಕಟ್ಟಿತ್ತು. ಇನ್ನು ಕೆಲವು ದಿನ ಸಾಕಾಗಿತ್ತು. ಏಳಬಾರದು ಅಂದುಕೊಂಡೆ. ಬಿರುಕಿಗೆ ಬೆನ್ನು ಕೊಟ್ಟು ಅಲ್ಲೇ ಕೂತೆ.

ಆಚೆ ಕಡೆಯಿಂದ ಧಪ್ಪನೆ ಮಣ್ಣು ಬಿದ್ದ ಸದ್ದು. ವೆಂಕಟರವಣಪ್ಪ ತನ್ನ ಮಗ್ಗುಲಿಂದ ಸನಿಕೆಯಲ್ಲಿ ಮಣ್ಣು ಎಳೆದು ಮೂಲೆಗೆ ಹಾಕುತ್ತಿದ್ದ.

"ನಿನಗೋಸ್ಕರ ಅಲ್ಲ," ಎಂದು ಮಳೆಯಲ್ಲೇ ಕೂಗಿದ. "ನನ್ನ ಸಸಿಗೋಸ್ಕರ. ಏಳು, ಸೀತ ಆಗ್ತದೆ!"

"ಮೊದಲು ನಿನ್ನ ಕಡೆ ಗಟ್ಟಿಯಾಗಲಿ, ಆಮೇಲೆ ಏಳ್ತೀನಿ!"

ಬದು ನಿಂತಿತು. ನೀರು ನನ್ನ ಹೊಲದಲ್ಲೇ ಇಂಗಿತು.

ಸೆಣಬು ಹಳದಿ ಹೂ ಬಿಟ್ಟಿತು. ಸಾಲಿನ ನಡುವೆ ಅದನ್ನು ಮಗುಚಲು ಟಿಲ್ಲರ್ ಬೇಕು, ಹತ್ತಿರದಲ್ಲಿ ಟಿಲ್ಲರ್ ಇದ್ದದ್ದು ವೆಂಕಟರವಣಪ್ಪನಿಗೇ. ಕೇಳಲು ಹೋದೆ. ಇಲ್ಲ ಅನ್ನುತ್ತಾನೆ ಅಂದುಕೊಂಡಿದ್ದೆ, ಅನ್ನದೆ ಬಂದ. ಹೂವು, ಕಾಂಡ, ಬೇರು, ಬೇರಿನ ಉಂಡೆ ಎಲ್ಲವೂ ಮಣ್ಣಿನಡಿ ಹೋದವು. ಕೊನೆಯ ಸಾಲು ಮುಗಿದಾಗ ಅವನು ಟಿಲ್ಲರ್ ಅನ್ನು ನನ್ನ ಗಡಿಯಲ್ಲೇ ನಿಲ್ಲಿಸಿ, ಬ್ಲೀಚಿಂಗ್ ಪೌಡರಿನ ಬಕೆಟ್ ತೆಗೆದ. ರೋಗ ಒಳಗೆ ಬರದಿರಲೆಂದು ಹುಳುಮನೆಗೆ ಹೋಗುವ ಮುಂಚೆ ನಾವು ಕಾಲು ತೊಳೆಯುವ ನೀರು ಅದು.

"ಬೇಜಾರು ಮಾಡ್ಕೋಬೇಡಕ್ಕ. ಚಕ್ರ ತೊಳೀದೆ ನನ್ನ ತೋಟಕ್ಕೆ ಇಳಿಸಲ್ಲ."

"ಬೇಜಾರು ಯಾಕೆ? ಒಳಗಿನ ಹಲ್ಲಲ್ಲೂ ಮಣ್ಣು ಅದೆ ನೋಡು," ಎಂದು ಚೊಂಬು ತೆಗೆದುಕೊಂಡೆ.

ಅವನು ಕಡ್ಡಿಯಲ್ಲಿ ಒಂದೊಂದೇ ಹಲ್ಲು ಕೆರೆದು ತೊಳೆದ. ಮುಗಿಯುವವರೆಗೂ ನಾನು ನೀರು ಹೊಯ್ದೆ.