ರಾಣಿಗೆ ಇಟ್ಟ ಎಡೆ

ಅಂಜಿನಮ್ಮ ತೀರಿಕೊಂಡು ಶ್ರಾವಣಕ್ಕೆ ಒಂದು ವರ್ಷ ತುಂಬುತ್ತಿತ್ತು. ವರ್ಷದ ತಿಥಿಗೆ ಎಲ್ಲ ಏರ್ಪಾಡೂ ಆಗಿತ್ತು. ಒಂದು ಸಂಗತಿ ಮಾತ್ರ ತಿಳಿಯದೆ ನಾನು ಒಳಗೇ ಬೇಯುತ್ತಿದ್ದೆ. ಎಡೆಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. ನಲವತ್ತೊಂದು ವರ್ಷ ನನ್ನ ಜೊತೆ ಬಾಳಿದವಳಿಗೆ ಏನು ಇಷ್ಟವಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಹನ್ನೊಂದನೆಯ ದಿನ ಯಾರೋ ಕೇಳಿದಾಗ ಥಟ್ಟನೆ ಒಬ್ಬಟ್ಟು ಎಂದುಬಿಟ್ಟಿದ್ದೆ. ಒಬ್ಬಟ್ಟು ಇಷ್ಟವಾಗಿದ್ದುದು ನನಗೆ. ಈಗ ಯಾರನ್ನು ಕೇಳುವುದು? ಕೇಳಿದರೆ ನಗುತ್ತಾರೆ, ನಗದಿದ್ದರೆ ಇನ್ನೂ ಕಷ್ಟ.

ಹೀಗಿರುವಾಗ ಕನಕಾವತಿಯ ರಾಣಿಯೂ ಸತ್ತಳು.

ಕನಕಾವತಿ ಎಂಬುದು ಟಿ.ವಿ. ಧಾರಾವಾಹಿಯ ರಾಜ್ಯ. ಈ ಕಾಲದಲ್ಲೂ ರಾಜರೇ ಆಳುತ್ತಿದ್ದರೆ ಹೇಗಿರುತ್ತಿತ್ತು ಎಂಬ ಕಥೆ. ರಾಜನಿಗೆ ಕಿರೀಟವಿಲ್ಲ, ಕೋಟು. ಆನೆಯಿಲ್ಲ, ಉದ್ದನೆಯ ಕಾರು. ಶತ್ರು ಬಂದರೆ ಕತ್ತಿಯ ಬದಲು ಫೋನು ಎತ್ತುತ್ತಿದ್ದ. ಆಗ, ತೊಂಬತ್ತಮೂರರಲ್ಲಿ, ಸೂಲಿಬೆಲೆಯ ನಮ್ಮ ಬೀದಿಯಲ್ಲಿ ಬಣ್ಣದ ಟಿ.ವಿ. ಇದ್ದುದು ನಮ್ಮ ಮನೆಯಲ್ಲಿ ಮಾತ್ರ. ಶುಕ್ರವಾರ ಸಂಜೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ಜನ ಬರುತ್ತಿದ್ದರು.

"ಇವನೆಂಥ ರಾಜನಪ್ಪಾ! ಅಷ್ಟು ದೊಡ್ಡ ಅರಮನೇಲಿ ಒಂದು ಹಸು ಇಲ್ಲ. ಪಾಕೀಟು ಹಾಲು ಕುಡಿಯೋ ರಾಜ" ಎಂದು ಪಕ್ಕದ ಮನೆಯ ಲಕ್ಷ್ಮಯ್ಯ ವಾರವಾರವೂ ಹೇಳುತ್ತಿದ್ದ.

ರಾಣಿ ಅರಮನೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ ದಿನ ಬೀದಿಯೇ ಅತ್ತಿತು. ಮುಂದಿನ ಶುಕ್ರವಾರ ಪರದೆಯ ಮೇಲೆ 'ಒಂದು ವರ್ಷದ ನಂತರ' ಎಂಬ ಅಕ್ಷರ ಬಂತು. ರಾಜ ಇನ್ನೊಬ್ಬಳ ಕೊರಳಿಗೆ ಹಾರ ಹಾಕುತ್ತಿದ್ದ.

ಮುನಿವೆಂಕಟಮ್ಮ ಎದ್ದು ನಿಂತಳು. ಎದುರು ಮನೆಯವಳು, ಅಂಜಿನಮ್ಮನ ಗೆಳತಿ. "ಅಯ್ಯೋ ನಿನ್ ಮನೆ ಹಾಳಾಗ! ಹನ್ನೊಂದಿಲ್ಲ, ತಿಥಿ ಇಲ್ಲ, ಒಂದು ಎಡೆ ಇಡ್ಲಿಲ್ಲ, ಆಗ್ಲೇ ಹಾರ ಹಿಡ್ಕೊಂಡು ನಿಂತವ್ನೆ!"

"ಅದನ್ನೆಲ್ಲ ತೋರ್ಸಲ್ಲ ಕಣತ್ತೆ, ಮಾಡಿರ್ತಾರೆ" ಎಂದಳು ಅವಳ ಸೊಸೆ ಆಶಾರಾಣಿ.

"ಮಾಡಿದ್ರೆ ತೋರ್ಸಕ್ಕೇನು ರೋಗ? ಸೋಪಿನ ಪುಡಿ ತೋರ್ಸಕ್ಕೆ ಟೈಮ್ ಐತೆ!"

ಅಲ್ಲೇ ತೀರ್ಮಾನವಾಯಿತು. ಬರುವ ಶುಕ್ರವಾರ ರಾಣಿಗೆ ಎಡೆ ಇಡುವುದು, ನಮ್ಮ ಮನೆಯಲ್ಲಿ, ಟಿ.ವಿ. ಮುಂದೆಯೇ.

"ಬೇಡಮ್ಮ" ಎಂದೆ ನಾನು. "ಆ ಪಾತ್ರ ಮಾಡಿದ ಹೆಣ್ಣುಮಗಳು ಎಲ್ಲೋ ಚೆನ್ನಾಗಿ ಬದುಕವ್ಳೆ. ಬದುಕಿರೋರಿಗೆ ಎಡೆ ಇಡಬಾರ್ದು."

"ಬದುಕಿರೋಳು ನೂರು ವರ್ಷ ಬದುಕ್ಲಿ ಅಣ್ಣ. ನಾನಿಡೋದು ಸತ್ತೋಳಿಗೆ."



ಆಮೇಲೆ ಬಂತು ಪ್ರಶ್ನೆ: ರಾಣಿಗೆ ಏನು ಇಷ್ಟ? ಎಲ್ಲರೂ ಯೋಚನೆಗೆ ಬಿದ್ದರು. ನಲವತ್ತು ವಾರದಲ್ಲಿ ಅವಳು ಒಂದು ತುತ್ತು ತಿಂದದ್ದನ್ನು ಯಾರೂ ಕಂಡಿರಲಿಲ್ಲ.

"ಒಂದಿನ ಸೇಬು ತಗೊಂಡ್ಲಲ್ಲ?" ಎಂದಳು ಆಶಾರಾಣಿ.

"ತಗೊಂಡು ರಾಜನ ಕೈಗೆ ಕೊಟ್ಲು."

"ಹಂಗಾದ್ರೆ ರಾಜನ್ನೇ ಕೇಳ್ಬೇಕು" ಎಂದ ಲಕ್ಷ್ಮಯ್ಯ.

"ಅವನಿಗೇನು ಗೊತ್ತು ಮಣ್ಣು!" ಎಂದಳು ಮುನಿವೆಂಕಟಮ್ಮ. "ಬಡ್ಸಿದ್ದು ತಿಂದು ಕೈ ತೊಳ್ಕೊಂಡೋನು."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನೀರು ಕುಡಿಯುವ ನೆವ ಮಾಡಿ ಒಳಗೆ ಹೋದೆ.

ಶುಕ್ರವಾರ ಬಾಳೆಲೆ ಹಾಸಿ, ಕೇಸರಿಭಾತು, ಸೇಬು, ಒಂದು ಲೋಟ ಕಾಫಿ ಇಟ್ಟರು. ನಮ್ಮ ಕಡೆ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವುದು ಪದ್ಧತಿ. ಸತ್ತವರು ಬಂದು ನಾಚದೆ ಉಣ್ಣಲಿ ಎಂದು. ಟಿ.ವಿ. ಆರಿಸಲು ಹೋದರೆ ಮುನಿವೆಂಕಟಮ್ಮ ತಡೆದಳು. "ಅದು ಉರೀತಿರ್ಲಿ. ಇಲ್ದಿದ್ರೆ ರಾಣಿ ಯಾವ ದಾರೀಲಿ ಬರ್ತಾಳೆ?"

ಬಾಗಿಲು ಮುಚ್ಚಿದೆವು. ಒಳಗೆ ಧಾರಾವಾಹಿಯ ಹಾಡು ಶುರುವಾಯಿತು. ಜಗಲಿಯ ಮೇಲೆ ಹದಿನೈದು ಜನ ಮುಖ ಮುಖ ನೋಡಿಕೊಂಡರು. ಬಾಗಿಲು ಮುಚ್ಚಿದರೆ ಧಾರಾವಾಹಿ ತಪ್ಪುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

"ಯಾರೋ ಅಳ್ತಾವ್ರೆ!" ಆಶಾರಾಣಿ ಬಾಗಿಲಿಗೆ ಕಿವಿ ಹಚ್ಚಿದಳು.

"ಹೊಸಬಳಿರ್ಬೇಕು. ಅಳ್ಲಿ" ಎಂದಳು ಮುನಿವೆಂಕಟಮ್ಮ.

"ತೆಗೀರಿ ಬಾಗಿಲ, ಇಷ್ಟೊತ್ತಿಗೆ ಊಟ ಆಗಿರ್ತದೆ" ಎಂದ ಲಕ್ಷ್ಮಯ್ಯ.

"ರಾಣಿ ಕಣಯ್ಯ ಅವ್ಳು! ನಿನ್ನಂಗೆ ಗಬಗಬ ತಿಂತಾಳಾ?"

ಆ ಗದ್ದಲದಲ್ಲಿ ನನಗೆ ಧೈರ್ಯ ಬಂತು. ಮೆಲ್ಲಗೆ ಕೇಳಿದೆ: "ಮುನಿವೆಂಕಟಮ್ಮ, ನಮ್ಮೋಳಿಗೆ ಏನಮ್ಮ ಇಷ್ಟ ಇತ್ತು?"

ಅವಳು ನಗಲಿಲ್ಲ. "ಬೈಯಲ್ಲ ತಾನೆ?"

"ಇಲ್ಲ, ಹೇಳು."

"ಖಾರಾ ಬನ್ನು. ಹೊಸಕೋಟೆ ಬಸ್ ಸ್ಟಾಂಡ್ ಹತ್ರ ಹೈದರ್ ಸಾಬ್ರ ಬೇಕರೀದು. ಕಣ್ಣಿನ ಔಷಧಿ ತರಕ್ಕೆ ಅಂತ ಹೋಗ್ತಿದ್ವಲ್ಲ, ಆವಾಗ. ತಿಂದ್ಬಿಟ್ಟು ಏಲಕ್ಕಿ ಅಗೀತಾ ಬಸ್ ಹತ್ತೋಳು ಅಂಜಿನಕ್ಕ."

ಖಾರಾ ಬನ್ನಿನ ಹೊಟ್ಟೆ ತುಂಬ ಈರುಳ್ಳಿ. ನಮ್ಮ ಮನೆಯೊಳಗೆ ಈರುಳ್ಳಿ ಬಾರದೆ ಮೂವತ್ತು ವರ್ಷವಾಗಿತ್ತು. ಈರುಳ್ಳಿ ಬಿಡುತ್ತೇನೆಂದು ಘಾಟಿಯ ಸ್ವಾಮಿಗೆ ಹರಕೆ ಹೊತ್ತವನು ನಾನು. ಅದನ್ನು ಅಡುಗೆಮನೆಯಲ್ಲಿ ನಡೆಸಿದವಳು ಅವಳು. ಅವಳನ್ನು ಒಂದು ಮಾತು ಕೇಳಿದ ನೆನಪಿಲ್ಲ.

"ಕೋಪ ಬಂತಾ ಅಣ್ಣ?"

"ಎಷ್ಟು ತಿಂತಿದ್ಲು?"

"ಎರಡು."

ಎರಡು ಎಂಬುದನ್ನು ಕೇಳಿ ಯಾಕೋ ಸಮಾಧಾನವಾಯಿತು. ಬಾಗಿಲು ತೆಗೆಯುವ ಹೊತ್ತಿಗೆ ಧಾರಾವಾಹಿ ಮುಗಿದಿತ್ತು. ಒಳಗೆ ಟಿ.ವಿ.ಯಲ್ಲಿ ಅತ್ತವರು ಯಾರೆಂದು ಮುಂದಿನ ವಾರದವರೆಗೂ ಬೀದಿಯಲ್ಲಿ ಜಗಳ ನಡೆಯಿತು.

ತಿಥಿಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸಕೋಟೆಗೆ ಹೋದೆ. ಹೈದರ್ ನನ್ನ ಹಣೆಯ ನಾಮ ನೋಡಿ ಹಿಂದೆಮುಂದೆ ನೋಡಿದ. "ಯಜಮಾನ್ರೇ, ಇದ್ರಲ್ಲಿ ಈರುಳ್ಳಿ ಇರ್ತದೆ. ಸ್ವೀಟ್ ಬನ್ ಕೊಡ್ಲಾ?"

"ಗೊತ್ತಪ್ಪ. ಈರುಳ್ಳಿ ಇರೋದೇ ಬೇಕು. ಎರಡು."

ದಾರಿಯುದ್ದಕ್ಕೂ ಪೊಟ್ಟಣ ತೊಡೆಯ ಮೇಲೆ ಬೆಚ್ಚಗಿತ್ತು. ಸ್ವಾಮಿಯ ಹೆಸರು ಹೇಳುತ್ತಲೇ ಬಂದೆ; ತಪ್ಪೊಪ್ಪಿಗೆಯೋ, ವಾದವೋ, ನನಗೇ ತಿಳಿಯಲಿಲ್ಲ.

ಎಡೆಯಲ್ಲಿ ಬನ್ನುಗಳನ್ನು ಕಂಡು ನೆಂಟರು ಪಿಸುಗುಟ್ಟಿದರು. "ಅವಳಿಗಿಷ್ಟ" ಎಂದೆ, ಅಷ್ಟೇ. ಎಡೆ ತೆಗೆದ ಮೇಲೆ ಒಂದನ್ನು ಮುನಿವೆಂಕಟಮ್ಮನಿಗೆ ಕೊಟ್ಟೆ. ಇನ್ನೊಂದನ್ನು ತಿನ್ನಲು ಎಲ್ಲರೂ ಹಿಂಜರಿದರು. ಎಡೆಯದು ಪ್ರಸಾದ, ಅದನ್ನು ಬೇಡವೆನ್ನಬಾರದು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ.

"ಹೆಂಗೈತೆ ಅಣ್ಣ?"

"ಖಾರ ಜಾಸ್ತಿ" ಎಂದು, ಇನ್ನೊಂದು ತುಂಡು ಮುರಿದುಕೊಂಡೆ.